ಮತ್ತೆ ಮತ್ತೆ ಮಿಣುಕುವ ಲ್ಯಾಪ್‌ಟಾಪ್ ಸ್ಕ್ರೀನ್: ಮನೆಗೆ ಕರೆಸಬೇಕೋ, ಸರ್ವಿಸ್ ಸೆಂಟರಿಗೆ ಒಯ್ಯಬೇಕೋ?

ವಾರಂಟಿಯಲ್ಲಿ ಪ್ಯಾನೆಲ್ (ಚಿತ್ರ ಮೂಡುವ ಪರದೆ) ಬದಲಿಸಿ ಕೆಲವೇ ವಾರಗಳಲ್ಲಿ ಸ್ಕ್ರೀನ್ ಮತ್ತೆ ಮಿಣುಕಿದರೆ, ಮೊದಲು ಅನುಮಾನಿಸಬೇಕಾದ್ದು ಕೇಬಲ್ಲನ್ನು. ಮದರ್‌ಬೋರ್ಡಿನಿಂದ ಹಿಂಜ್ (ಮುಚ್ಚಳದ ಕೀಲು) ಬದಿಯಲ್ಲಿ ಹಾದು ಪ್ಯಾನೆಲ್ಲಿಗೆ ಚಿತ್ರ ಒಯ್ಯುವ ಇಡಿಪಿ ಕೇಬಲ್, ಮುಚ್ಚಳ ತೆರೆದು ಮುಚ್ಚಿದಾಗಲೆಲ್ಲ ಬಾಗುತ್ತದೆ. 2016ರ ಮ್ಯಾಕ್‌ಬುಕ್ ಪ್ರೋದಲ್ಲಿ ಹೀಗೇ ಕೇಬಲ್ ಸವೆದು ಸ್ಕ್ರೀನಿನ ಕೆಳಭಾಗದಲ್ಲಿ ಬೆಳಕಿನ ಪಟ್ಟೆಗಳು ಬಿದ್ದಿದ್ದವು. 2019ರಲ್ಲಿ ಆ್ಯಪಲ್ 13 ಇಂಚಿನ ಮಾದರಿಗೆ ಉಚಿತ ರಿಪೇರಿ ಘೋಷಿಸಿತು.

ದೂರು ಕೊಡುವ ಮುನ್ನ ಮೂರು ಪರೀಕ್ಷೆ ಸಾಕು. ಎಚ್‌ಡಿಎಂಐ ಮೂಲಕ ಟಿವಿಗೆ ಜೋಡಿಸಿ. ಅಲ್ಲಿ ಚಿತ್ರ ಸರಿಯಿದ್ದರೆ ತೊಂದರೆ ಬಹುತೇಕ ಡಿಸ್‌ಪ್ಲೇ ಬದಿಯದ್ದು. ವಿಂಡೋಸ್ ಶುರುವಾಗುವ ಮುನ್ನ ತೆರೆಯುವ ಬಯಾಸ್ ಸೆಟ್ಟಿಂಗ್ ಪುಟದಲ್ಲೂ ಮಿಣುಕಿದರೆ ವಿಂಡೋಸ್ ಡ್ರೈವರಿನ ತಪ್ಪಲ್ಲ. ಆಮೇಲೆ ಮುಚ್ಚಳವನ್ನು ನಿಧಾನವಾಗಿ ಹಿಂದೆ ಮುಂದೆ ಮಾಡಿ: ಕೋನ ಬದಲಾದಂತೆ ಮಿಣುಕಿದರೆ ಕೇಬಲ್ ಅಥವಾ ಕನೆಕ್ಟರ್, ಕೋನ ಏನೇ ಇದ್ದರೂ ಅಲ್ಲಾಡದೆ ನಿಲ್ಲುವ ಒಂದೇ ಉದ್ದಗೆರೆಯಾದರೆ ಹೆಚ್ಚಾಗಿ ಪ್ಯಾನೆಲ್.

ಉದ್ದಗೆರೆಗೆ ಆನ್‌ಸೈಟ್ ಸೇವೆಯೇ ಸರಿ. ಪ್ಯಾನೆಲ್ ಬರುತ್ತದೆ, ಮನೆಯಲ್ಲೇ ಕೆಲಸ ಮುಗಿಯುತ್ತದೆ. ಮಿಣುಕುವ ಸ್ಕ್ರೀನಿಗೆ ಮಾತ್ರ ಇದೇ ಸೇವೆ ಕೈಕೊಡುವುದು. ಟೆಕ್ನಿಷಿಯನ್ ತರುವುದು ಫೋನಿನಲ್ಲಿ ಆರ್ಡರ್ ಆದ ಪಾರ್ಟ್ ಮಾತ್ರ. ಬರೀ ‘ಡಿಸ್‌ಪ್ಲೇ ಪ್ರಾಬ್ಲಂ’ ಎಂದರೆ ಪ್ಯಾನೆಲ್ ಬರುತ್ತದೆ, ಹಳೇ ಕೇಬಲ್ ಅಲ್ಲೇ ಉಳಿಯುತ್ತದೆ. ‘ಮುಚ್ಚಳ ಅಲುಗಿಸಿದರೆ ಮಿಣುಕುತ್ತದೆ, ಇಡಿಪಿ ಕೇಬಲ್ಲನ್ನೂ ಕಳಿಸಿ’ ಎಂದು ದೂರಿನಲ್ಲೇ ಬರೆಸಿ. ಅವರು ಬಿಚ್ಚುವಾಗ ಪಕ್ಕದಲ್ಲಿ ನಿಂತು ಒಂದನ್ನು ಗಮನಿಸಿ: ಬ್ಯಾಟರಿ ಕನೆಕ್ಟರ್ ತೆಗೆದ ಮೇಲೆಯೇ ಡಿಸ್‌ಪ್ಲೇ ಕೇಬಲ್ ಮುಟ್ಟಬೇಕು. ಇಲ್ಲದಿದ್ದರೆ ಸ್ಕ್ರೀನಿನ ಹಿಂದಿನ ಬೆಳಕಿಗೆ ಕರೆಂಟ್ ಕೊಡುವ ಬೋರ್ಡಿನ ಬ್ಯಾಕ್‌ಲೈಟ್ ಫ್ಯೂಸ್ ಹಾರಬಹುದು. ಹಾರಿದರೆ ಸ್ಕ್ರೀನ್ ಕಪ್ಪು, ಟಾರ್ಚ್ ಬಿಟ್ಟು ನೋಡಿದರೆ ಮಾತ್ರ ಮಸುಕಾಗಿ ಚಿತ್ರ.

ಬಂದು ಹೋಗುವ ದೋಷಕ್ಕೆ ಸರ್ವಿಸ್ ಸೆಂಟರೇ ವಾಸಿ, ದಿನ ಜಾಸ್ತಿ ಹಿಡಿದರೂ. ಕೇಬಲ್, ಹಿಂಜ್, ಪ್ಯಾನೆಲ್ ಒಂದೊಂದಾಗಿ ಬದಲಿಸಿ ನೋಡುವ ಅವಕಾಶ ಅಲ್ಲಿದೆ. ತೊಡಕೆಂದರೆ, ಕೌಂಟರಿನಲ್ಲಿ ಹತ್ತು ನಿಮಿಷ ಸರಿಯಾಗಿ ಓಡಿದರೆ ‘ದೋಷ ಕಾಣಲಿಲ್ಲ’ ಎಂದು ವಾಪಸ್ ಕೊಟ್ಟುಬಿಡುತ್ತಾರೆ. ಮಿಣುಕುವುದರ ವಿಡಿಯೋ ಮಾಡಿಕೊಳ್ಳಿ, ಅದೇ ಶಾಟ್‌ನಲ್ಲಿ ಸೀರಿಯಲ್ ನಂಬರೂ ಬರಲಿ. ಒಳಗೆ ಕೊಡುವಾಗ ‘ಒಡೆದಿಲ್ಲ, ಗೀರಿಲ್ಲ’ ಎಂದು ಜಾಬ್ ಶೀಟಿನಲ್ಲಿ (ಸೆಂಟರಿನವರು ದೋಷ, ರಿಪೇರಿ ಬರೆದು ಕೊಡುವ ಚೀಟಿ) ಬರೆಸದಿದ್ದರೆ ‘ಫಿಸಿಕಲ್ ಡ್ಯಾಮೇಜ್’ ಎಂಬ ಮಾತು ಬಂದಾಗ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಡೇಟಾ ಬ್ಯಾಕಪ್ ಜೊತೆಗೆ, ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರಿನ 48 ಅಂಕಿಯ ರಿಕವರಿ ಕೀಯನ್ನೂ ಬರೆದಿಟ್ಟುಕೊಳ್ಳಿ. ಬೋರ್ಡ್ ಬದಲಾದರೆ ಲ್ಯಾಪ್‌ಟಾಪ್ ಅದನ್ನೇ ಕೇಳುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆಯ ಅಂಗಡಿ ವಾರಂಟಿ ಮುಗಿದ ಮೇಲಿನ ದಾರಿ. ಮೊದಲೇ ಬಿಚ್ಚಿಸಿದರೆ ಕಂಪನಿಗೆ ಕೈತೊಳೆದುಕೊಳ್ಳಲು ನೆಪ ಸಿಗುತ್ತದೆ. ಅಲ್ಲಿಗೆ ಹೋದಾಗಲೂ ಪ್ಯಾನೆಲ್ಲಿನ ಹಿಂದಿನ ಪೂರ್ತಿ ಮಾಡೆಲ್ ನಂಬರ್ ತೋರಿಸಿ. 15.6 ಇಂಚಿನದೇ ಆದರೂ 30 ಪಿನ್‌ನದು 40 ಪಿನ್ ಕೇಬಲ್ಲಿಗೆ ಕೂರುವುದಿಲ್ಲ.

ರಿಪೇರಿಯಾಗಿಯೂ ಅದೇ ದೋಷ ಮರುಕಳಿಸುತ್ತಲೇ ಇದ್ದರೆ ಇನ್ನೊಂದು ರಿಪೇರಿಗೆ ಒಪ್ಪುವ ಮೊದಲು ಬದಲಿ ಲ್ಯಾಪ್‌ಟಾಪ್ ಅಥವಾ ಹಣ ವಾಪಸ್ ಕೇಳಿ ಇಮೇಲ್ ಹಾಕಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ: 2019ರ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ, ದೂರು ಕೊಡಲು ಇರುವ ಅವಧಿ 2 ವರ್ಷ. ಅಲ್ಲಿ ನಿಲ್ಲುವ ಸಾಕ್ಷಿ ಜಾಬ್ ಶೀಟುಗಳೇ. ಒಂದರಲ್ಲಿ ‘ಫ್ಲಿಕರ್’, ಇನ್ನೊಂದರಲ್ಲಿ ‘ನೋ ಡಿಸ್‌ಪ್ಲೇ’ ಎಂದಿದ್ದರೆ ಎರಡೂ ಬೇರೆ ಬೇರೆ ದೋಷ ಎಂದು ವಾದಿಸುತ್ತಾರೆ. ಪ್ರತಿ ಸಲವೂ ಒಂದೇ ಪದ ಬರೆಸಿ, ಬದಲಿಸಿದ ಪಾರ್ಟಿನ ಹೆಸರು ನಮೂದಾಗದೆ ಸಹಿ ಹಾಕಬೇಡಿ.