ಮೂರು ಪೆಟ್ಟಿಗೆ, ಮೂರು ಥರದ ತೇಪೆ: ಓಪನ್‌ಬಿಎಸ್‌ಡಿ, ಫ್ರೀಬಿಎಸ್‌ಡಿ, ಡೆಬಿಯನ್

2024ರ ಜುಲೈ 1, ಸೋಮವಾರ. ಬಾಗಲಕೋಟೆ ನವನಗರದ ನನ್ನ ಡಿಟಿಪಿ ಅಂಗಡಿಯಲ್ಲಿ ಒಂದು ಶಾಲೆಯ ಫೀ ರಸೀದಿ ಪುಸ್ತಕದ ಪ್ರೂಫ್ ನೋಡುತ್ತಾ ಕೂತಿದ್ದೆ. ಮೊಬೈಲ್‌ನಲ್ಲಿ ಸುದ್ದಿ ಬಂತು: ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಎಂಬ ತಂತ್ರಾಂಶದಲ್ಲಿ ದೊಡ್ಡ ತೂತು ಸಿಕ್ಕಿದೆ. ಕಂಡುಹಿಡಿದವರು ಕ್ವಾಲಿಸ್ ಎಂಬ ಕಂಪನಿಯವರು.

ತೂತಿನ ಕಥೆ ಸರಳ. ಸರ್ವರ್‌ನ ಬಾಗಿಲು ಬಡಿದವನು 120 ಸೆಕೆಂಡಿನೊಳಗೆ ಲಾಗಿನ್ ಆಗದಿದ್ದರೆ ಒಳಗೆ ಒಂದು ಅಲಾರಂ ಹೊಡೆಯುತ್ತದೆ. ಆ ಅಲಾರಂ ಹೊತ್ತಿನಲ್ಲಿ ಮುಟ್ಟಬಾರದ ಮೆಮೊರಿ ಕೆಲಸವನ್ನು ಪ್ರೋಗ್ರಾಂ ಮುಟ್ಟುತ್ತಿತ್ತು. ಸಾವಿರಾರು ಸಲ ತಾಳ್ಮೆಯಿಂದ ಬಡಿದರೆ, ಪಾಸ್‌ವರ್ಡ್ ಇಲ್ಲದೆ ರೂಟ್ ಆಗಿ, ಅಂದರೆ ಯಂತ್ರದ ಪೂರ್ತಿ ಯಜಮಾನನಾಗಿ, ಒಳಗೆ ಬರಬಹುದು. 2006ರಲ್ಲೇ ಮುಚ್ಚಿದ್ದ ತೂತು ಇದು. 2020ರಲ್ಲಿ ಯಾವುದೋ ಬದಲಾವಣೆ ಮಾಡುವಾಗ ಮತ್ತೆ ಬಾಯಿ ಬಿಟ್ಟಿತ್ತು.

ನನ್ನ ಕೈಯಲ್ಲಿ ಆಗ ಮೂರು ಪೆಟ್ಟಿಗೆಗಳಿದ್ದವು. 2023ರ ಆಯುಧ ಪೂಜೆಗೆ ಸ್ವಲ್ಪ ಮುಂಚೆ ಹುಬ್ಬಳ್ಳಿಯಿಂದ ತಂದ ಹಳೇ ಆಫೀಸ್ ಡೆಸ್ಕ್‌ಟಾಪ್‌ಗಳು. ಮೂರೂ ಒಂದೇ ಮಾಡೆಲ್, 8 ಜಿಬಿ ರ‍್ಯಾಮ್, ಚಿಕ್ಕ ಎಸ್‌ಎಸ್‌ಡಿ. ಮೂರಕ್ಕೂ ಬೇರೆ ಬೇರೆ ಆಪರೇಟಿಂಗ್ ಸಿಸ್ಟಂ. ಒಂದಕ್ಕೆ ಓಪನ್‌ಬಿಎಸ್‌ಡಿ ಹಾಕಿ ವಿದ್ಯಾಗಿರಿಯಲ್ಲಿ ಪಿಎಸ್‌ಐ, ಕೆಪಿಎಸ್‌ಸಿ ಪರೀಕ್ಷೆಗೆ ಓದುವ ಹುಡುಗರ ರೀಡಿಂಗ್ ರೂಮಿನ ಇಂಟರ್ನೆಟ್ ಬಾಗಿಲಲ್ಲಿ ಕೂರಿಸಿದೆ. ಇನ್ನೊಂದಕ್ಕೆ ಫ್ರೀಬಿಎಸ್‌ಡಿ, ಅದು ನನ್ನ ಅಂಗಡಿಯ ಫೈಲುಗಳ ಉಗ್ರಾಣ. ಮೂರನೆಯದು ಡೆಬಿಯನ್ 12, ಮಹಾಲಿಂಗಪುರದ ಒಂದು ಬೆಲ್ಲದ ಅಡತ್ ಅಂಗಡಿಯ ಬಿಲ್ಲಿಂಗಿಗೆ. ಯಾವುದು ವೇಗ, ಯಾವುದು ಚಂದ ಅಂತ ನೋಡಲಿಕ್ಕಲ್ಲ. ತೇಪೆ, ಅಂದರೆ ದೋಷ ಸರಿಪಡಿಸುವ ಪ್ಯಾಚ್, ಹಾಕುವುದು ಯಾವುದರಲ್ಲಿ ಹೇಗೆ ಅನ್ನೋದಷ್ಟೇ ನನ್ನ ಪ್ರಶ್ನೆ. ಅಂಗಡಿಯ ಹಳೇ ರಫ್ ಪುಸ್ತಕದಲ್ಲಿ ತಾರೀಖು, ಹಿಡಿದ ಹೊತ್ತು, ರೀಬೂಟ್ ಬೇಕಾಯ್ತಾ ಇಲ್ಲವಾ, ಇಷ್ಟನ್ನು ಬರೆದಿಡುತ್ತಾ ಬಂದೆ.

ಆ ಸೋಮವಾರದ ಪುಟ ನೋಡಿ. ಓಪನ್‌ಬಿಎಸ್‌ಡಿ ಎದುರು "ಈ ತೂತು ಇಲ್ಲ" ಅಂತಿದೆ. ಓಪನ್‌ಎಸ್‌ಎಸ್‌ಎಚ್ ಮಾಡುವವರೇ ಓಪನ್‌ಬಿಎಸ್‌ಡಿಯವರು, ಆದರೆ ತೂತು ಅವರ ಮನೆಗೇ ಇಲ್ಲ! ಅಲಾರಂ ಹೊತ್ತಿನಲ್ಲೂ ಸುರಕ್ಷಿತವಾಗಿ ಲಾಗ್ ಬರೆಯುವ ದಾರಿಯನ್ನು ಅವರು 2001ರಲ್ಲೇ ಮಾಡಿಕೊಂಡಿದ್ದರು. ಡೆಬಿಯನ್ ಅದೇ ದಿನ ತೇಪೆ ಬಿಟ್ಟಿತು. ಮಹಾಲಿಂಗಪುರದ ಪೆಟ್ಟಿಗೆ ಮಂಗಳವಾರ ಬೆಳಗ್ಗೆ ತಾನೇ ಎಳೆದುಕೊಂಡು, ಎಸ್‌ಎಸ್‌ಎಚ್ ಅನ್ನೂ ತಾನೇ ರೀಸ್ಟಾರ್ಟ್ ಮಾಡಿಕೊಂಡು, ಏಳು ಗಂಟೆಯೊಳಗೆ ಸುಮ್ನೆ ಕೂತಿತ್ತು. ಆಗ ನಾನಿನ್ನೂ ಚಹಾ ಕುಡಿದಿರಲಿಲ್ಲ. ಫ್ರೀಬಿಎಸ್‌ಡಿ ಕೂಡ ಅದೇ ದಿನ ಸೂಚನೆ, ತೇಪೆ ಎರಡನ್ನೂ ಕೊಟ್ಟಿತು. ನಾನು ಹಾಕಿದೆ. ಹಾಕಿದ ಮೇಲೆ ಎಸ್‌ಎಸ್‌ಎಚ್ ರೀಸ್ಟಾರ್ಟ್ ಮಾಡಿ ಅಂತ ಸೂಚನೆಯಲ್ಲೇ ಬರೆದಿತ್ತು. ಅದನ್ನು ಮರೆತೆ. ಡಿಸ್ಕ್ ಮೇಲೆ ಹೊಸದು, ಮೆಮೊರಿಯಲ್ಲಿ ಹಳೇದು. ಬುಧವಾರ ರಾತ್ರಿ ಊಟಕ್ಕೆ ಕೂತಾಗ ನೆನಪಾಯಿತು. ಎಡಗೈಯಲ್ಲೇ ಮೊಬೈಲ್ ಹಿಡಿದು ರೀಸ್ಟಾರ್ಟ್ ಕೊಟ್ಟೆ.

ಆ ಒಂದು ದಿನದ ಮೇಲೆ ಡೆಬಿಯನ್ ಗೆದ್ದಿತು ಅಂದುಬಿಡಬಹುದಿತ್ತು. ಆದರೆ ಅದಕ್ಕಿಂತ ಏಳು ತಿಂಗಳ ಹಿಂದಿನ ಪುಟ ಬೇರೆ ಹೇಳುತ್ತದೆ.

ತೇಪೆ ಅಂದರೆ ಕಳ್ಳರಿಗೆ ಬಾಗಿಲು ಮುಚ್ಚುವುದು ಅಂತ ಎಲ್ಲರಿಗೂ ಗೊತ್ತು. ಇನ್ನೊಂದು ಜಾತಿಯ ತೇಪೆ ಇದೆ. ಯಾರೂ ಒಳಗೆ ಬರದಿದ್ದರೂ ಯಂತ್ರ ತಾನೇ ಮುಗ್ಗರಿಸುವುದು, ಡೇಟಾ ಕೆಡುವುದು, ಇದನ್ನು ತಡೆಯುವಂಥದ್ದು. ಓಪನ್‌ಬಿಎಸ್‌ಡಿಯವರು ಪ್ರತಿ ತೇಪೆಯ ತಲೆಮೇಲೆ ಸೆಕ್ಯೂರಿಟಿ ಫಿಕ್ಸ್ ಅಥವಾ ರಿಲಯಬಿಲಿಟಿ ಫಿಕ್ಸ್ ಅಂತ ದಪ್ಪಕ್ಷರದಲ್ಲಿ ಬರೆಯುತ್ತಾರೆ. ಕೆಳಗೆ ಏನಾಗಿತ್ತು ಅಂತ ಒಂದೆರಡು ಸಾಲು, ಅಷ್ಟೇ. ಫ್ರೀಬಿಎಸ್‌ಡಿಯಲ್ಲಿ ಭದ್ರತೆಗೆ ಒಂದು ಸೂಚನಾ ಸಾಲು, ಉಳಿದ ದೋಷಗಳಿಗೆ ಎರ್ರಾಟಾ ನೋಟಿಸ್ ಅಂತ ಇನ್ನೊಂದು. ಡೆಬಿಯನ್‌ನಲ್ಲಿ ಭದ್ರತೆಯದು ಕೂಡಲೇ ಬರುತ್ತದೆ. ಉಳಿದದ್ದು ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ ಬರುವ ಪಾಯಿಂಟ್ ರಿಲೀಸ್‌ಗೆ ಕಾಯುತ್ತದೆ.

2023ರ ನವೆಂಬರ್ ಕೊನೆ, ಡಿಸೆಂಬರ್ ಮೊದಲು. ಹತ್ತು ಹನ್ನೆರಡು ದಿನದೊಳಗೆ ನನ್ನ ಎರಡು ಪೆಟ್ಟಿಗೆಗಳ ಫೈಲ್ ಸಿಸ್ಟಂ (ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಮೇಲೆ ಅನುಮಾನ ಬಂತು. ಮೊದಲು ಫ್ರೀಬಿಎಸ್‌ಡಿಯ ಜೆಡ್‌ಎಫ್‌ಎಸ್. ಬರೆಯುತ್ತಿರುವ ಫೈಲನ್ನು ಅದೇ ಗಳಿಗೆಯಲ್ಲಿ ಕಾಪಿ ಮಾಡಿದರೆ, ಅಪರೂಪಕ್ಕೆ, ಕಾಪಿಯಲ್ಲಿ ಅಕ್ಷರ ಇರಬೇಕಾದ ಕಡೆ ಸೊನ್ನೆಗಳ ರಾಶಿ ಬರುತ್ತಿತ್ತು. ಎಷ್ಟೋ ವರ್ಷದಿಂದ ಅಡಗಿದ್ದ ದೋಷ. ನನ್ನ ಉಗ್ರಾಣದಲ್ಲಿ ಗಿರಾಕಿಗಳ ಹತ್ತು ವರ್ಷದ ಡಿಸೈನ್‌ಗಳಿವೆ. ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ತೇಪೆ ಬರುವವರೆಗೆ ಒಂದು ಸೆಟ್ಟಿಂಗ್ ಅನ್ನು ಸೊನ್ನೆ ಮಾಡಿಡಿ ಅಂದಿದ್ದರು, ಮಾಡಿದೆ. ಡಿಸೆಂಬರ್ ಶುರುವಿಗೇ ಎರ್ರಾಟಾ ನೋಟಿಸ್ ಬಂತು. ತೇಪೆ ಹಾಕಿ ರೀಬೂಟ್ ಮಾಡಿ ಬ್ಯಾಕಪ್ ಜೊತೆ ಫೈಲುಗಳನ್ನು ಒಂದೊಂದಾಗಿ ತಾಳೆ ನೋಡಿದೆ. ಏನೂ ಕೆಟ್ಟಿರಲಿಲ್ಲ.

ಆಮೇಲೆ ಡೆಬಿಯನ್. ಡಿಸೆಂಬರ್ 9ಕ್ಕೆ 12.3 ಎಂಬ ಪಾಯಿಂಟ್ ರಿಲೀಸ್ ಬರಬೇಕಿತ್ತು. ಅದರ ಜೊತೆಗಿದ್ದ ಹೊಸ ಕರ್ನಲ್‌ನಲ್ಲೇ (ಅದೇ ಇಡೀ ವ್ಯವಸ್ಥೆಯ ತಿರುಳು), ಆ ಪೆಟ್ಟಿಗೆಯ ಫೈಲ್ ಸಿಸ್ಟಂ ಆದ ಎಕ್ಸ್‌ಟಿ4ನ ಡೇಟಾ ಕೆಡಿಸುವ ದೋಷ ಇತ್ತು! ಅವರು 12.3 ಅನ್ನು ತಡೆಹಿಡಿದರು. ಮರುದಿನ, ಭಾನುವಾರ, ಸರಿಪಡಿಸಿದ ಕರ್ನಲ್ ಹಾಕಿ ನೇರವಾಗಿ 12.4 ಬಿಟ್ಟರು. ಅಷ್ಟರಲ್ಲಿ ನನ್ನ ಮಹಾಲಿಂಗಪುರದ ಪೆಟ್ಟಿಗೆ ಕೆಟ್ಟ ಕರ್ನಲ್ ಎಳೆದುಕೊಂಡಾಗಿತ್ತು. ತಾನೇ ಮಾಡಿಕೊಳ್ಳುತ್ತದಲ್ಲ, ಅದರ ಬಿಸಿ ಇದು. ಉಳಿಸಿದ್ದು ನನ್ನ ಸೋಮಾರಿತನ. ತಾನಾಗಿ ರೀಬೂಟ್ ಆಗುವ ಸೆಟ್ಟಿಂಗ್ ಡೆಬಿಯನ್‌ನಲ್ಲಿ ಮೊದಲಿಗೆ ಆಫ್ ಇರುತ್ತದೆ, ನಾನು ಅದನ್ನು ಆನ್ ಮಾಡಿರಲಿಲ್ಲ. ಹಾಗಾಗಿ ಹೊಸ ಕರ್ನಲ್ ಡಿಸ್ಕ್‌ನಲ್ಲಿದ್ದರೂ ಓಡುತ್ತಿದ್ದದ್ದು ಹಳೇದು. ಭಾನುವಾರ ಸಂಜೆ ಸಾಹುಕಾರರಿಗೆ ಫೋನ್ ಮಾಡಿ, "ನಾಳೆ ನಾ ಹೇಳೋತನ ಕಂಪ್ಯೂಟರ್ ಬಂದ್ ಮಾಡಬ್ಯಾಡ್ರಿ" ಅಂದೆ. "ನಮಗ ಬಿಲ್ ಬಂದ್ರ ಸಾಕ್ರಿ, ಒಳಗ ಏನರ ಮಾಡ್ಕೋರಿ" ಅಂದರು. ಸೋಮವಾರ 12.4 ಹಾಕಿ ರೀಬೂಟ್ ಕೊಟ್ಟೆ.

ಆ ಗಲಾಟೆಯಲ್ಲಿ ಓಪನ್‌ಬಿಎಸ್‌ಡಿ ತೆಪ್ಪಗಿತ್ತು. ಅದರಲ್ಲಿ ಜೆಡ್‌ಎಫ್‌ಎಸ್ ಇಲ್ಲ, ಜರ್ನಲ್ (ಮಾಡುವ ಬದಲಾವಣೆಯನ್ನು ಮೊದಲೇ ಬರೆದಿಟ್ಟುಕೊಳ್ಳುವ ದಿನಚರಿ) ಇರುವ ಫೈಲ್ ಸಿಸ್ಟಮ್ಮೇ ಇಲ್ಲ. ಇದು ವರವೂ ಹೌದು, ಶಾಪವೂ ಹೌದು. ಶಾಪದ ಕಥೆ ಮುಂದೆ ಬರುತ್ತದೆ.

ತೇಪೆ ಹಾಕುವ ಕೈಕೆಲಸಕ್ಕೆ ಬಂದರೆ ನನಗೆ ಓಪನ್‌ಬಿಎಸ್‌ಡಿಯೇ ಇಷ್ಟ. ಸಿಸ್‌ಪ್ಯಾಚ್ ಅಂತ ಒಂದೇ ಆಜ್ಞೆ. ಸಿ ಅಕ್ಷರ ಸೇರಿಸಿದರೆ ಬಾಕಿ ಇರುವ ತೇಪೆಗಳ ಪಟ್ಟಿ ಕೊಡುತ್ತದೆ, ಎಲ್ ಸೇರಿಸಿದರೆ ಹಾಕಿದವುಗಳದ್ದು. ಆರ್ ಸೇರಿಸಿದರೆ ಕೊನೆಯದನ್ನು ಬಿಚ್ಚಿಹಾಕುತ್ತದೆ. 001, 002, 003 ಅಂತ ನಂಬರ್ ಇರುತ್ತದೆ, ಬಿಲ್ ಪುಸ್ತಕದ ಹಾಗೆ. ನನ್ನ ಪುಸ್ತಕದಲ್ಲಿ ಹೆಚ್ಚಿನ ಸಲ "2 ನಿಮಿಷ" ಅಂತಲೇ ಇದೆ. ಕರ್ನಲ್ ತೇಪೆಯಾದರೆ ರೀಬೂಟ್ ಸೇರಿ ಐದು. ಇದು ಬಂದದ್ದು 2017ರ 6.1ರಲ್ಲಿ. ಅದಕ್ಕೂ ಮುಂಚೆ ಕಾಲೇಜಿನಲ್ಲಿದ್ದಾಗ ಒಂದು ಹಳೇ ಯಂತ್ರದಲ್ಲಿ ತೇಪೆ ಹಾಕಲು ಹೋಗಿ, ಸೋರ್ಸ್ ಇಳಿಸಿ ಕರ್ನಲ್ ಕಟ್ಟುತ್ತಾ ಒಂದು ರಾತ್ರಿಯೇ ಕಳೆದಿದ್ದೆ. ಹಾಸ್ಟೆಲ್ ಗೆಳೆಯರು ಇನ್ನೂ ಆಡಿಕೊಳ್ಳುತ್ತಾರೆ.

ಫ್ರೀಬಿಎಸ್‌ಡಿ-ಅಪ್‌ಡೇಟ್ ಹಾಗಲ್ಲ, ಅದಕ್ಕೊಂದು ನಡಿಗೆ ಇದೆ. ಬದಲಾದಷ್ಟನ್ನೇ ಚೂರು ಚೂರಾಗಿ ಇಳಿಸುತ್ತದೆ. ಪರದೆಯ ಮೇಲೆ ಚುಕ್ಕಿ ಚುಕ್ಕಿ, ನಡುನಡುವೆ 10, 20, 30 ಅಂತ ಅಂಕಿ. ಹೊಸ ಆವೃತ್ತಿಗೆ ಹೋಗುವಾಗ ಇದು ಸಾವಿರ ದಾಟುತ್ತದೆ. ನೋಡುತ್ತಾ ಕೂತರೆ ನಿದ್ದೆ ಬರುತ್ತದೆ. ಆಮೇಲೆ ಬದಲಾಗುವ ಫೈಲುಗಳ ಉದ್ದ ಪಟ್ಟಿ ತೋರಿಸಿ ಕ್ಯೂ ಒತ್ತುವವರೆಗೆ ಕಾಯುತ್ತದೆ. ಅದು ಕಾಯುತ್ತಿದೆ ಅಂತ ಗೊತ್ತಾಗದೆ ಮೊದಲ ಸಲ ಹದಿನೈದು ನಿಮಿಷ ನಾನೂ ಕಾದೆ, ಅದೂ ಕಾಯಿತು. ಇನ್ನೊಂದು ಗೊಂದಲ: ತೇಪೆ ಕರ್ನಲ್ ಮುಟ್ಟದಿದ್ದರೆ, ಯೂನೇಮ್ ಎಂಬ ಆಜ್ಞೆಯಿಂದ ಆವೃತ್ತಿ ಕೇಳಿದಾಗ ಹಳೇ ನಂಬರೇ ಬರುತ್ತದೆ. ಹಾಕಿದ್ದೇ ಆಗಿಲ್ಲವೇನೋ ಅನಿಸುತ್ತದೆ. ಫ್ರೀಬಿಎಸ್‌ಡಿ-ವರ್ಷನ್ ಅನ್ನೇ ಕೇಳಬೇಕು, ಅದೂ ಕರ್ನಲ್‌ಗೆ ಬೇರೆ, ಉಳಿದದ್ದಕ್ಕೆ ಬೇರೆ.

ಆದರೆ ಅದರ ಬೂಟ್ ಎನ್ವಿರಾನ್‌ಮೆಂಟ್ ಎಂಬ ಒಂದು ಸೌಕರ್ಯಕ್ಕೆ ಉಳಿದದ್ದೆಲ್ಲ ಮಾಫಿ. ಜೆಡ್‌ಎಫ್‌ಎಸ್ ಇದ್ದರೆ ತೇಪೆ ಹಾಕುವ ಮುಂಚೆ ಇಡೀ ವ್ಯವಸ್ಥೆಯ ಒಂದು ಪ್ರತಿ ತೆಗೆದಿಡುತ್ತದೆ. 14.0ರಿಂದ 14.1ಕ್ಕೆ ಹೋಗುವಾಗ ನಡುವೆ ಕರೆಂಟ್ ಹೋಯಿತು. ಅವತ್ತೇ ಇನ್ವರ್ಟರ್ ಬ್ಯಾಟರಿ ನೀರು ಕಡಿಮೆಯಾಗಿ ಕೈ ಕೊಟ್ಟಿತ್ತು. ಅರ್ಧ ಹೊಸದು, ಅರ್ಧ ಹಳೇದು. ಕರೆಂಟ್ ಬಂದ ಮೇಲೆ ಬೂಟ್ ಮೆನುವಿನಲ್ಲಿ ಹಳೇ ಪ್ರತಿ ಆರಿಸಿದೆ. ಏನೂ ಆಗಿಯೇ ಇಲ್ಲ ಎಂಬಂತೆ ಎದ್ದು ಕೂತಿತು. ಅವತ್ತು ಅಂಗಡಿ ಒಂದು ನಿಮಿಷವೂ ಜಾಸ್ತಿ ನಿಲ್ಲಲಿಲ್ಲ.

ಡೆಬಿಯನ್‌ಗೂ ಅಂಥದ್ದೇ ಆಯಿತು. ಬೆಳಗ್ಗೆ 6ರಿಂದ 7ರ ನಡುವೆ ಅದು ತೇಪೆ ಹಾಕಿಕೊಳ್ಳುವ ಹೊತ್ತು. ನಮ್ಮ ಕಡೆ ಕರೆಂಟ್ ಆಟ ಆಡುವುದೂ ಆಗಲೇ. ತೇಪೆಗಳನ್ನು ಒಳಗೆ ಕೂರಿಸುವ ಡಿಪಿಕೆಜಿ ಎಂಬ ಪ್ರೋಗ್ರಾಂ ನಡುವೆ ನಿಂತುಹೋಗಿತ್ತು. ದೂರದಿಂದಲೇ ಎಸ್‌ಎಸ್‌ಎಚ್‌ನಲ್ಲಿ ಹೋಗಿ ಉಳಿದದ್ದನ್ನು ಮುಗಿಸು ಅಂತ ಒಂದು ಆಜ್ಞೆ ಕೊಟ್ಟೆ, ಮುಗಿಯಿತು. ಬಸ್ ಹತ್ತುವ ಪ್ರಸಂಗ ಬರಲಿಲ್ಲ. ಆಮೇಲೆ ಹೊತ್ತನ್ನು ಮಧ್ಯಾಹ್ನ ಮೂರಕ್ಕೆ ಬದಲಿಸಿದೆ. ಆ ಹೊತ್ತಿಗೆ ಬೆಲ್ಲದ ಸವಾಲು ಮುಗಿದು ಅಂಗಡಿಯಲ್ಲಿ ಎಲ್ಲರೂ ತೂಕಡಿಸುತ್ತಿರುತ್ತಾರೆ. ಯಾವ ಸರ್ವಿಸ್ ಇನ್ನೂ ಹಳೇ ಲೈಬ್ರರಿ ಹಿಡಿದು ಕೂತಿದೆ ಅಂತ ಹೇಳುವ ನೀಡ್‌ರೀಸ್ಟಾರ್ಟ್ ಅನ್ನೂ ಹಾಕಿದ್ದೇನೆ. (2024ರ ನವೆಂಬರ್‌ನಲ್ಲಿ ಆ ನೀಡ್‌ರೀಸ್ಟಾರ್ಟ್‌ನಲ್ಲೇ ತೂತು ಸಿಕ್ಕಿತು. ಹತ್ತು ವರ್ಷ ಹಳೇದು! ಕಾವಲುಗಾರನಿಗೇ ಕಾವಲು ಬೇಕು ಅಂತಾಯ್ತು.)

ಈಗ ಓಪನ್‌ಬಿಎಸ್‌ಡಿಯ ಶಾಪ. ರೀಡಿಂಗ್ ರೂಮಿನಲ್ಲಿ ಯುಪಿಎಸ್ ಇರಲಿಲ್ಲ. ಒಂದು ಸಂಜೆ ಮಳೆಗಾಳಿಗೆ ಕರೆಂಟ್ ಐದಾರು ಸಲ ಹೋಗಿ ಬಂದು ಮಾಡಿತು. ರೂಮು ನೋಡಿಕೊಳ್ಳುವ ಹುಡುಗ ಫೋನ್ ಮಾಡಿದ.

"ಸರ, ನೆಟ್ ಇಲ್ರಿ. ಪರದೆ ಮ್ಯಾಲ ಬರೇ ಇಂಗ್ಲಿಷ್ ಐತ್ರಿ. ಕಡೀಕ ಮ್ಯಾನ್ಯುಅಲಿ ಅಂತ ಬರದೈತ್ರಿ."

ಗೊತ್ತಾಯಿತು. ಜರ್ನಲ್ ಇಲ್ಲದ ಡಿಸ್ಕ್, ತಾನೇ ಸರಿಮಾಡಿಕೊಳ್ಳಲು ಹೋಗಿ, ಇನ್ನು ನೀವೇ ಬನ್ನಿ ಅಂತ ಕೈ ಚೆಲ್ಲಿದೆ.

"ಮೊದಲ ಎಂಟರ್ ಹೊಡಿ ತಮ್ಮಾ. ಆಮ್ಯಾಲ ಎಫ್, ಎಸ್, ಸಿ, ಕೆ. ಒಂದು ಸ್ಪೇಸ್. ಅಡ್ಡಗೀಟು. ವೈ."

"ಅಡ್ಡಗೀಟು ಮ್ಯಾಲಿಂದೋ ಕೆಳಗಿಂದೋ ರಿ?"

ಹತ್ತು ನಿಮಿಷ ಹಿಡಿಯಿತು. ಮೂವತ್ತು ಹುಡುಗರು ಮೊಬೈಲ್ ಡೇಟಾ ಸುಟ್ಟುಕೊಂಡು ಕೂತಿದ್ದರು. ಮರುದಿನವೇ ಒಂದು ಚಿಕ್ಕ ಯುಪಿಎಸ್ ತಂದು ಕೊಟ್ಟೆ. ಮೊದಲೇ ಕೊಡಬೇಕಿತ್ತು, ತಪ್ಪು ನನ್ನದೇ.

ಅದಕ್ಕಿಂತ ನಾಚಿಕೆಯದು ಇನ್ನೊಂದಿದೆ. ಓಪನ್‌ಬಿಎಸ್‌ಡಿ ಆರು ತಿಂಗಳಿಗೊಂದು ಆವೃತ್ತಿ ತರುತ್ತದೆ. ತೇಪೆ ಸಿಗುವುದು ಕೊನೆಯ ಎರಡಕ್ಕೆ ಮಾತ್ರ. ಅಂದರೆ ಒಂದೊಂದಕ್ಕೆ ಸುಮಾರು ಒಂದು ವರ್ಷ ಆಯುಸ್ಸು. ನಾನು ಹಾಕಿದ್ದು 7.4. 2024ರ ಏಪ್ರಿಲ್‌ನಲ್ಲಿ 7.5 ಬಂತು, ಆಮೇಲೆ ಮಾಡಿದರಾಯ್ತು ಅಂದೆ. ಅಕ್ಟೋಬರ್‌ನಲ್ಲಿ 7.6 ಬಂತು. ಅಲ್ಲಿಗೆ 7.4ರ ಕಥೆ ಮುಗಿಯಿತು. ನಾನು ಮಾತ್ರ ಡಿಸೆಂಬರ್‌ವರೆಗೂ ಸಿಸ್‌ಪ್ಯಾಚ್ ಕೇಳುತ್ತಲೇ ಇದ್ದೆ. ಅದು ಏನೂ ಹೇಳುತ್ತಿರಲಿಲ್ಲ. ಬಾಕಿ ಏನೂ ಇಲ್ಲ, ಎಷ್ಟು ಗಟ್ಟಿ ವ್ಯವಸ್ಥೆ ಅಂತ ಬೀಗುತ್ತಿದ್ದೆ. ತೇಪೆ ಇಲ್ಲದ್ದಕ್ಕೆ ಸುಮ್ಮನಿರುವುದು ಬೇರೆ, ತೇಪೆ ಹಾಕುವವರೇ ಎದ್ದು ಹೋದದ್ದಕ್ಕೆ ಸುಮ್ಮನಿರುವುದು ಬೇರೆ, ಅಲ್ವಾ? ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಗೊತ್ತಾದ ದಿನ ಆವೃತ್ತಿ ಏರಿಸುವ ಸಿಸ್‌ಅಪ್‌ಗ್ರೇಡ್ ಆಜ್ಞೆ ಎರಡು ಸಲ ಓಡಿಸಿದೆ. ಒಂದೊಂದೇ ಮೆಟ್ಟಿಲು ಹತ್ತಬೇಕು, ಹಾರುವ ಹಾಗಿಲ್ಲ. ಕೆಲಸವೇನೋ ಸಲೀಸು, ಎರಡೂ ಸೇರಿ ಒಂದು ತಾಸಿನೊಳಗೆ ಮುಗಿಯಿತು. ಡೆಬಿಯನ್‌ನಲ್ಲಿ ಈ ಓಟ ಇಲ್ಲ. ಒಂದು ಆವೃತ್ತಿಗೆ ಮೂರು ವರ್ಷ ಭದ್ರತೆ, ಆಮೇಲೆ ಎಲ್‌ಟಿಎಸ್ ಎಂಬ ದೀರ್ಘಾವಧಿ ಬೆಂಬಲ ಸೇರಿ ಐದು. ಫ್ರೀಬಿಎಸ್‌ಡಿ 14ರ ಸಾಲಿಗೆ 2028ರ ನವೆಂಬರ್‌ವರೆಗೆ ಇದೆ. ಆದರೆ ಒಳಗಿನ 14.1, 14.2 ಏರುತ್ತಲೇ ಇರಬೇಕು.

ಹಾಗಾದರೆ ಯಾವುದು? ಯಾರಾದರೂ ಅಂಗಡಿಗೆ ಬಂದು ಕೇಳಿದರೆ ನಾನು ಎರಡನೇ ಮಾತಿಲ್ಲದೆ ಡೆಬಿಯನ್ ಅನ್ನುತ್ತೇನೆ. ಪೆಟ್ಟಿಗೆ ಇರುವ ಊರಿನಲ್ಲಿ ಅದನ್ನು ನೋಡುವವನು ಇಲ್ಲ ಅಂದರೆ ಬೇರೆ ಯೋಚನೆ ಬೇಡ. ರೀಬೂಟ್ ಮಾತ್ರ ನಿಮ್ಮ ಕೈಯಲ್ಲಿಟ್ಟುಕೊಳ್ಳಿ. ಫ್ರೀಬಿಎಸ್‌ಡಿಯನ್ನು ನನ್ನ ಅಂಗಡಿಯ ಹೊರಗೆ ಎಲ್ಲೂ ಇಡಲಾರೆ. ಅದಕ್ಕೆ ಪಕ್ಕದಲ್ಲಿ ಕೂತು ಮಾತಾಡಿಸುವ ಮನುಷ್ಯ ಬೇಕು. ಆದರೆ ನನ್ನ ಫೈಲುಗಳನ್ನು ಅಲ್ಲಿಂದ ತೆಗೆಯುವುದೂ ಇಲ್ಲ.

ರೀಡಿಂಗ್ ರೂಮಿನ ಬಾಗಿಲಲ್ಲಿ ಓಪನ್‌ಬಿಎಸ್‌ಡಿಯೇ ಇದೆ. ಮೊಬೈಲ್‌ನಲ್ಲಿ ಏಪ್ರಿಲ್‌ಗೊಂದು, ಅಕ್ಟೋಬರ್‌ಗೊಂದು ಅಲಾರಂ ಇಟ್ಟಿದ್ದೇನೆ. ಅದರ ಮೇಲೆ ನನಗೇ ನಂಬಿಕೆ ಇಲ್ಲದ್ದರಿಂದ ಆ ಹುಡುಗನಿಗೂ ಹೇಳಿಟ್ಟಿದ್ದೇನೆ. ಅವನೀಗ ಪಿಎಸ್‌ಐ ಪುಸ್ತಕದ ಪಕ್ಕದಲ್ಲೇ ತೇಪೆ ಪಟ್ಟಿಯನ್ನೂ ತೆರೆದಿಟ್ಟುಕೊಳ್ಳುತ್ತಾನೆ. ಹೋದ ವಾರ ಅವನದೇ ಫೋನ್: "ಸರ, ಹೊಸಾದು ಒಂದು ಬಂದೈತ್ರಿ. ರಿಲಯಬಿಲಿಟಿ ಐತಿ, ಸೆಕ್ಯೂರಿಟಿ ಅಲ್ರಿ. ಊಟ ಮಾಡೇ ಬರ್ರಿ."