‘ಎಲ್ಲ ಸಾಫ್ಟ್‌ವೇರ್ ಹಾಕಿ ಕೊಡುತ್ತೇವೆ’ ಎನ್ನುವ ಅಂಗಡಿಯಿಂದ ಹಳೆಯ ಲ್ಯಾಪ್‌ಟಾಪ್ ತರಬೇಡಿ

ಕಾಸರಗೋಡು, ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆಯವರು ಯಾರಾದರೂ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವ ಯೋಚನೆಯಲ್ಲಿದ್ದರೆ ಇದನ್ನು ಓದಿ ಅಂಗಡಿಗೆ ಹೋಗಿ. ‘ವಿಂಡೋಸ್, ಆಫೀಸ್, ಫೋಟೋಶಾಪ್, ಪೇಜ್‌ಮೇಕರ್ ಎಲ್ಲ ಹಾಕಿ ಕೊಡುತ್ತೇವೆ, ಅದಕ್ಕೆ ಬೇರೆ ದುಡ್ಡು ಬೇಡ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಈಗಾಗಲೇ ತಂದಾಗಿದ್ದರೆ ಮನೆಯ ಒಂದು ಫೋಟೋವನ್ನೂ ಅದಕ್ಕೆ ಹಾಕುವ ಮೊದಲು ಇಡೀ ಯಂತ್ರವನ್ನು ಅಳಿಸಿ ಹೊಸದಾಗಿ ಸಿದ್ಧಪಡಿಸಿಕೊಳ್ಳಿ. ಬರೀ ಹಣ ಹೋಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ.

ಈಗಲೇ ಹೇಳುವುದಕ್ಕೆ ಕಾರಣವಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕಾದರೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೆಯ ಜನರೇಷನ್‌ನಿಂದ ಈಚಿನ ಪ್ರೊಸೆಸರ್ ಇರಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಇರಬೇಕು. ಅದಕ್ಕಿಂತ ಹಳೆಯ ಯಂತ್ರಗಳನ್ನು ಕಂಪನಿಗಳು ಹೊರಗೆ ಹಾಕುತ್ತಿವೆ. ಒರೆಸಿ ಮಿನುಗಿಸಿದ ಆ ಯಂತ್ರಗಳು ನಮ್ಮ ಪೇಟೆಗಳಿಗೂ ಬರುತ್ತಿವೆ. ಅರ್ಹತೆಯ ಪರೀಕ್ಷೆಯನ್ನು ತಪ್ಪಿಸಿ ಅವುಗಳಿಗೆ ವಿಂಡೋಸ್ 11 ಹಾಕುವುದು ಕಷ್ಟವಲ್ಲ. ಆದರೆ ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಸಿಗುತ್ತದೆಂಬ ಭರವಸೆ ಇಲ್ಲ ಎಂದು ಮೈಕ್ರೋಸಾಫ್ಟ್ ಕಂಪನಿಯೇ ಹೇಳಿದೆ. ಈ ಮಾತನ್ನು ಅಂಗಡಿಯವರು ನಿಮಗೆ ಹೇಳುವುದಿಲ್ಲ.

ನಮಗಾದದ್ದನ್ನು ಹೇಳುತ್ತೇನೆ. 2023ರ ಜೂನ್‌ನಲ್ಲಿ ತಮ್ಮನ ಮಗಳು ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಸೇರಿದಳು. ಅವಳ ಓದಿಗೂ ನನ್ನ ಟೈಪಿಂಗಿಗೂ ಆಗುತ್ತದೆಂದು ಪೇಟೆಯ ಅಂಗಡಿಯೊಂದರಿಂದ ಲ್ಯಾಪ್‌ಟಾಪ್ ತಂದೆವು. ಹದಿನೆಂಟು ಸಾವಿರ ರೂಪಾಯಿ. ‘ಐ5 ಪ್ರೊಸೆಸರ್ ಅಣ್ಣ, ಇದರಲ್ಲಿ ಎಲ್ಲ ಉಂಟು, ಕನ್ನಡವೂ ಉಂಟು’ ಎಂದ ಮಾಲೀಕ. ಐ5 ಎಂಬುದು ನಿಜವೇ, ಆದರೆ ಅದು ಪೂರ್ತಿ ನಿಜವಲ್ಲ. ಐ5 ಎಂಬುದರ ಮುಂದೆ ಒಂದು ಸಂಖ್ಯೆ ಇರುತ್ತದೆ. 6300 ಎಂದಿದ್ದರೆ ಆರನೆಯ ಜನರೇಷನ್, ಅಂದರೆ 2015ರ ಸರಕು. 8250 ಎಂದಿದ್ದರೆ ಎಂಟನೆಯದು. ಹತ್ತನೆಯದರಿಂದ ಮುಂದಕ್ಕೆ ಮೊದಲ ಎರಡು ಅಂಕಿಗಳನ್ನು ನೋಡಬೇಕು. ನಮಗೆ ಕೊಟ್ಟದ್ದು ಆರನೆಯದು. ‘ಎರಡು ವರ್ಷ ಹಳೆಯದು’ ಎಂದು ಹೇಳಿ ಕೊಟ್ಟ ಯಂತ್ರ ನಿಜದಲ್ಲಿ ತಮ್ಮನ ಮಗಳು ಒಂದನೆಯ ತರಗತಿಗೆ ಸೇರುವ ಹೊತ್ತಿನದು. ಬಿಲ್ ಕೇಳಿದರೆ ಜಿಎಸ್‌ಟಿ ಸಂಖ್ಯೆಯಿಲ್ಲದ ಬಿಳಿ ಚೀಟಿಯಲ್ಲಿ ಮೊತ್ತ ಬರೆದುಕೊಟ್ಟರು.

ಆರು ತಿಂಗಳು ಯಂತ್ರ ಚೆನ್ನಾಗಿಯೇ ನಡೆಯಿತು. ಡಿಸೆಂಬರ್‌ನಲ್ಲಿ ಪರದೆಯ ಮೂಲೆಯಲ್ಲಿ ವಿಂಡೋಸ್ ಅನ್ನು ಸಕ್ರಿಯಗೊಳಿಸಿ ಎಂಬ ಬರಹ ಕಾಣಿಸಿಕೊಂಡಿತು. ಆರೇ ತಿಂಗಳಿಗೆ ಯಾಕೆ ಎಂಬುದು ನನಗೆ ತಿಳಿದದ್ದು ಆಮೇಲೆ. ಕಂಪನಿ, ಕಾಲೇಜುಗಳಂಥ ದೊಡ್ಡ ಸಂಸ್ಥೆಗಳಿಗೆಂದು ಮೈಕ್ರೋಸಾಫ್ಟ್ ಮಾಡಿರುವ ಕೆಎಂಎಸ್ ಎಂಬ ವ್ಯವಸ್ಥೆ ಇದೆ. ಆ ಸಂಸ್ಥೆಯ ಸರ್ವರ್ ಜೊತೆ ಮಾತಾಡಿದ ಯಂತ್ರಕ್ಕೆ 180 ದಿನಗಳ ಅನುಮತಿ ಸಿಗುತ್ತದೆ, ಅದು ಆಗಾಗ ನವೀಕರಣವಾಗುತ್ತಿರಬೇಕು. ಅಂಗಡಿಗಳವರು ಬಳಸುವ ‘ಆ್ಯಕ್ಟಿವೇಟರ್’ ಎಂಬುದು ಸುಳ್ಳು ಸರ್ವರ್ ತೋರಿಸಿ ಈ ಅನುಮತಿಯನ್ನು ಕದಿಯುತ್ತದೆ. ನವೀಕರಣ ನಿಂತರೆ 180 ದಿನಕ್ಕೆ ಗುಟ್ಟು ಹೊರಗೆ ಬೀಳುತ್ತದೆ.

ಅಂಗಡಿಗೆ ಫೋನ್ ಮಾಡಿದೆವು. ಅಲ್ಲಿನ ಹುಡುಗ ದೂರದಿಂದಲೇ ನಮ್ಮ ಪರದೆಯನ್ನು ಹಿಡಿಯುವ ಆ್ಯಪ್ ಹಾಕಿಸಿ ಹತ್ತು ನಿಮಿಷದಲ್ಲಿ ‘ಸರಿ ಮಾಡಿದ’. ತಮ್ಮನ ಮಗಳು ಪಕ್ಕದಲ್ಲಿ ಕುಳಿತು ನೋಡುತ್ತಿದ್ದಳು. ಅವನು ಮೊದಲು ಮಾಡಿದ್ದು ವಿಂಡೋಸ್‌ನ ಜೊತೆಗೇ ಬರುವ ಡಿಫೆಂಡರ್ ಎಂಬ ವೈರಸ್ ನಿರೋಧಕವನ್ನು ಆಫ್ ಮಾಡುವುದು. ಆಮೇಲೆ ಎಲ್ಲಿಂದಲೋ ಒಂದು ಜಿಪ್ ಕಡತ ಇಳಿಸಿ, ಪಾಸ್‌ವರ್ಡ್ ಕೊಟ್ಟು ಬಿಚ್ಚಿ, ಓಡಿಸಿದ. ಮೂಲೆಯ ಬರಹ ಮಾಯವಾಯಿತು. ಡಿಫೆಂಡರ್ ಮತ್ತೆ ಆನ್ ಆಯಿತೇ ಎಂದು ಅವಳು ಕೇಳಿದಾಗ ‘ಅದು ಇದ್ದರೆ ಕಂಪ್ಯೂಟರ್ ಸ್ಲೋ ಆಗುತ್ತದೆ’ ಎಂದನಂತೆ. ಅಷ್ಟೇ ಅಲ್ಲ, ಇಡೀ ಸಿ ಡ್ರೈವನ್ನು ಡಿಫೆಂಡರ್ ನೋಡಬಾರದೆಂಬ ವಿನಾಯಿತಿಯನ್ನು ಅಂಗಡಿಯವರು ಯಂತ್ರ ಮಾರುವಾಗಲೇ ಬರೆದಿಟ್ಟಿದ್ದರು. ಮನೆಯ ಕಾವಲುಗಾರನನ್ನು ಕಟ್ಟಿಹಾಕಿ ಬಾಗಿಲು ತೆರೆದಿಟ್ಟು ಹೋದಂತೆ.

ಮಾರನೆಯ ಬೆಳಿಗ್ಗೆ ಕಡತಗಳ ಹೆಸರಿನ ಕೊನೆಗೆಲ್ಲ ಅರ್ಥವಿಲ್ಲದ ನಾಲ್ಕು ಇಂಗ್ಲಿಷ್ ಅಕ್ಷರಗಳು ಅಂಟಿಕೊಂಡಿದ್ದವು. ಯಾವುದೂ ತೆರೆಯುತ್ತಿರಲಿಲ್ಲ. ಪ್ರತಿಯೊಂದು ಫೋಲ್ಡರಿನಲ್ಲೂ ‘ರೀಡ್‌ಮಿ’ ಎಂಬ ಚೀಟಿ: ಬೀಗ ತೆಗೆಯಲು 980 ಡಾಲರ್, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ ಬೆಲೆ, 490 ಡಾಲರ್. ಸ್ಟಾಪ್ ಅಥವಾ ಡಿಜೆವಿಯು ಎಂದು ಕರೆಯುವ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಅದು. ಸುಲಿಗೆಗಾರರು ಅದನ್ನು ದೊಡ್ಡ ಬ್ಯಾಂಕುಗಳಿಗೆ ಹೆಣೆದದ್ದಲ್ಲ. ಹಣ ಕೊಡದೆ ಸಾಫ್ಟ್‌ವೇರ್ ತೆರೆಯಲು ಬಳಸುವ ಕ್ರ್ಯಾಕ್, ಕೀಜೆನ್, ಆ್ಯಕ್ಟಿವೇಟರ್‌ಗಳ ಒಳಗೆ ಅಡಗಿಸಿ ನಮ್ಮಂಥ ಮನೆಗಳಿಗೆ, ವಿದ್ಯಾರ್ಥಿಗಳಿಗೆ ಕಳುಹಿಸುವುದೇ ಅದರ ದಾರಿ. ಆ ರಾತ್ರಿ ಬ್ಯಾಕಪ್‌ನ ಹಾರ್ಡ್ ಡಿಸ್ಕ್ ಕೂಡ ಯಂತ್ರಕ್ಕೆ ತಗುಲಿಸಿಯೇ ಇತ್ತು. ಅದರಲ್ಲಿದ್ದದ್ದೂ ಹೋಯಿತು.

ಏನು ಹೋಯಿತೆಂದು ಹೇಳದಿದ್ದರೆ ನನ್ನ ಸಿಟ್ಟು ಯಾರಿಗೂ ಅರ್ಥವಾಗಲಾರದು. ನಮ್ಮದು ತಾಳಮದ್ದಳೆಯ ಮನೆ, ಅಂದರೆ ಯಕ್ಷಗಾನದ ಪ್ರಸಂಗವನ್ನು ವೇಷವಿಲ್ಲದೆ ಕುಳಿತು ಹಾಡಿ ಅರ್ಥ ಹೇಳುವವರ ಮನೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯ ಸುತ್ತಿನಲ್ಲಿ ಹಾಗೆ ಹೇಳಿಕೊಳ್ಳುವ ಮನೆಗಳು ಬೇಕಷ್ಟಿವೆ. ಹಿರಿಯರು ಕೈಯಲ್ಲಿ ಬರೆದಿಟ್ಟ ಪ್ರಸಂಗದ ಪದ್ಯಗಳನ್ನು, ಅರ್ಥಗಾರಿಕೆಯ ಟಿಪ್ಪಣಿಗಳನ್ನು ನಾನು ಒಂದೊಂದಾಗಿ ಟೈಪ್ ಮಾಡಿ ಇಟ್ಟಿದ್ದೆ. ಮೂಲ ಪುಸ್ತಕಗಳಲ್ಲಿ ಕೆಲವನ್ನು ಒರಲೆ ತಿಂದು ಮುಗಿಸಿದೆ. ಜೊತೆಗೆ, ಈಗ ನಮ್ಮ ನಡುವೆ ಇಲ್ಲದ ಅರ್ಥಧಾರಿಗಳ, ಭಾಗವತರ ಕೂಟಗಳ ಧ್ವನಿಮುದ್ರಣಗಳು. ಇವುಗಳಿಗೆ ಅಂಗಡಿಯಲ್ಲಿ ಬೆಲೆ ಕಟ್ಟುವವರಿಲ್ಲ. ಆದ್ದರಿಂದಲೇ ‘ಫ್ರೀಯಾಗಿ ಫಾರ್ಮ್ಯಾಟ್ ಮಾಡಿ ಕೊಡುತ್ತೇವೆ ಅಣ್ಣ, ನೀವು ಏನೋ ಒತ್ತಿರಬೇಕು’ ಎಂದು ಅಂಗಡಿಯವರು ಹೇಳಿದಾಗ ನನಗೆ ತಡೆದುಕೊಳ್ಳಲಾಗಲಿಲ್ಲ.

ಸಹಾಯ ಸಿಕ್ಕಿದ್ದು ಶಾಲೆಯಿಂದ. ಕೇರಳದ ಹೈಸ್ಕೂಲುಗಳಲ್ಲಿ 2018ರಿಂದ ಲಿಟ್ಲ್ ಕೈಟ್ಸ್ ಎಂಬ, ಕಂಪ್ಯೂಟರ್ ಕಲಿಯುವ ವಿದ್ಯಾರ್ಥಿ ಕೂಟಗಳಿವೆ. ತಮ್ಮನ ಮಗಳ ಶಾಲೆಯಲ್ಲಿ ಅದನ್ನು ನೋಡಿಕೊಳ್ಳುವ ಟೀಚರ್ ಯಂತ್ರವನ್ನು ತರಿಸಿಕೊಂಡು ನೋಡಿದರು. ಅವರು ಹೇಳಿದ ಮೊದಲ ಮಾತು, ಹಣ ಕಳುಹಿಸಬೇಡಿ. ಕಳುಹಿಸಿದವರಿಗೆಲ್ಲ ಕೀ ಸಿಗುತ್ತದೆಂಬ ಖಾತರಿ ಇಲ್ಲ, ಸಿಕ್ಕಿದರೂ ಆ ಹಣ ಮುಂದಿನ ಮನೆಯ ಬೀಗಕ್ಕೆ ಬಂಡವಾಳವಾಗುತ್ತದೆ. ವೈರಸ್ ನಿರೋಧಕ ತಯಾರಿಸುವ ಎಮ್ಸಿಸಾಫ್ಟ್ ಕಂಪನಿ 2019ರ ಅಕ್ಟೋಬರ್‌ನಲ್ಲಿ ಈ ಬೀಗ ಬಿಚ್ಚುವ ಉಚಿತ ಸಾಧನವನ್ನು ಹೊರತಂದಿದೆ. ಆದರೆ 2019ರ ಆಗಸ್ಟ್‌ನಿಂದ ಈಚಿನ ತಳಿಗಳಲ್ಲಿ ಬೀಗ ಹಾಕುವಾಗ ಇಂಟರ್‌ನೆಟ್ ಸಂಪರ್ಕವಿಲ್ಲದೆ ‘ಆಫ್‌ಲೈನ್ ಕೀ’ ಬಳಕೆಯಾಗಿದ್ದು, ಆ ಕೀ ಯಾರಿಗಾದರೂ ದೊರೆತಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ನಮ್ಮದು ಆನ್‌ಲೈನ್ ಕೀ. ಅಂದರೆ ಸುಲಿಗೆಗಾರರ ಸರ್ವರ್‌ನಿಂದ ನಮ್ಮ ಯಂತ್ರಕ್ಕೆಂದೇ ಬಂದ ಬೇರೆ ಕೀ. ದಾರಿ ಮುಚ್ಚಿತ್ತು.

ಆದರೆ ಟೀಚರ್ ಇನ್ನೊಂದು ವಿಷಯ ಹುಡುಕಿ ತೆಗೆದರು. ಈ ಪಿಡುಗು ಬೇಗ ಬೇಗ ಕೆಲಸ ಮುಗಿಸಬೇಕೆಂದು ಪ್ರತಿ ಕಡತದ ಮೊದಲ 150 ಕೆಬಿಯಷ್ಟನ್ನು ಮಾತ್ರ ಬೀಗಕ್ಕೆ ಒಳಪಡಿಸುತ್ತದೆ, ಉಳಿದದ್ದನ್ನು ಮುಟ್ಟುವುದಿಲ್ಲ. 128 ಕೆಬಿಪಿಎಸ್‌ನ ಎಂಪಿ3ಯಲ್ಲಿ 150 ಕೆಬಿ ಎಂದರೆ ಹತ್ತು ಸೆಕೆಂಡಿಗೂ ಕಡಿಮೆ. ಮೂರು ಗಂಟೆಯ ಕೂಟವೊಂದರಲ್ಲಿ ಹೋಗುವುದು ಮೊದಲ ಚೆಂಡೆ ಪೆಟ್ಟಿನಷ್ಟು. ಕಡತದ ಹೆಸರಿನ ಕೊನೆಯ ಆ ನಾಲ್ಕು ಅಕ್ಷರಗಳನ್ನು ತೆಗೆದು, ಕೆಟ್ಟ ಭಾಗವನ್ನು ಕತ್ತರಿಸಿದಾಗ ಎಂಪಿ3ಗಳು ಮತ್ತೆ ಹಾಡಿದವು. ಫೋನಿನಲ್ಲಿ ಎಂ4ಎ ರೂಪದಲ್ಲಿ ಮುದ್ರಿಸಿದ್ದವು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ, ಕೆಲವು ಮಾತ್ರ ಬಂದವು. ಟೈಪ್ ಮಾಡಿದ ಪದ್ಯಗಳ ಕಡತಗಳು 150 ಕೆಬಿಗಿಂತ ಚಿಕ್ಕವು. ಅವು ಪೂರ್ತಿ ಹೋದವು. ಇದೇ ತೊಂದರೆ ನಿಮಗೂ ಆಗಿದ್ದರೆ ಅಂಗಡಿಯವರ ‘ಫ್ರೀ ಫಾರ್ಮ್ಯಾಟ್‌’ಗೆ ಒಪ್ಪಬೇಡಿ. ಬೀಗ ಬಿದ್ದ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ ತೆಗೆದಿಡಿ. ದೊಡ್ಡ ಧ್ವನಿ ಮತ್ತು ವಿಡಿಯೋ ಕಡತಗಳಿಗೆ ಆಸೆಯಿದೆ, ಉಳಿದವುಗಳಿಗೂ ಮುಂದೊಂದು ದಿನ ಕೀ ಹೊರಬರಬಹುದು.

ನನಗೆ ಈಗಲೂ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ವಿಂಡೋಸ್ 8ರ ಕಾಲದಿಂದ, ಅಂದರೆ 2012ರಿಂದ, ವಿಂಡೋಸ್ ಜೊತೆಗೆ ಮಾರಾಟವಾಗುವ ಲ್ಯಾಪ್‌ಟಾಪ್‌ಗಳ ಮದರ್‌ಬೋರ್ಡಿನಲ್ಲೇ ಅಸಲಿ ಕೀ ಬರೆದಿರುತ್ತದೆ. ನಮ್ಮ ಯಂತ್ರದಲ್ಲೂ ಇತ್ತು. ಮೊದಲು ಕೊಂಡ ಕಂಪನಿ ಹಣ ಕೊಟ್ಟು ಪಡೆದ ವಿಂಡೋಸ್ ಪ್ರೊ ಕೀ. ಮೈಕ್ರೋಸಾಫ್ಟ್ ತಾಣದಿಂದಲೇ ಉಚಿತವಾಗಿ ಸಿಗುವ ಪ್ರತಿಯನ್ನು ಇಳಿಸಿ ಟೀಚರ್ ಹೊಸದಾಗಿ ಹಾಕಿದಾಗ ಅದು ಏನನ್ನೂ ಕೇಳದೆ ತಾನೇ ಸಕ್ರಿಯವಾಯಿತು! ಕಳ್ಳ ಪ್ರತಿಯ ಅಗತ್ಯವೇ ಇರಲಿಲ್ಲ. ಅಂಗಡಿಯವರು ಒಂದೇ ಪೆನ್ ಡ್ರೈವಿನಿಂದ ಎಲ್ಲ ಯಂತ್ರಗಳಿಗೂ ಒಂದೇ ಸುರಿಮಳೆ ಸುರಿಸುತ್ತಾರೆ. ಅಸಲಿ ಇದೆಯೇ ಎಂದು ನೋಡುವ ತಾಳ್ಮೆ ಅವರಿಗಿಲ್ಲ.

ಇನ್ನು ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯ ಬಗ್ಗೆ ಅವರು ಹೇಳಿದ ದೊಡ್ಡ ಸುಳ್ಳು: ‘ಲಿನಕ್ಸ್‌ನಲ್ಲಿ ಕನ್ನಡ ಬರುವುದಿಲ್ಲ, ಅದು ಶಾಲೆಗೆ ಮಾತ್ರ.’ ಕೇರಳದ ಶಾಲೆಗಳಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಆರಂಭವಾಯಿತು, 2017ರಲ್ಲಿ ಅದೇ ಕೈಟ್ ಎಂಬ ಸಂಸ್ಥೆಯಾಯಿತು. ಉಬುಂಟು ಎಂಬ ಲಿನಕ್ಸ್ ರೂಪದ ಮೇಲೆ ಅವರು ಕಟ್ಟಿದ ಗ್ನೂ/ಲಿನಕ್ಸ್ ಎಲ್ಲರಿಗೂ ಉಚಿತ. ನಮ್ಮ ಮಕ್ಕಳು ಆಫೀಸ್ ಮಾಡುವ ಕೆಲಸಕ್ಕೆ ಲಿಬ್ರೆ ಆಫೀಸ್, ಫೋಟೋಶಾಪ್ ಮಾಡುವ ಕೆಲಸಕ್ಕೆ ಗಿಂಪ್, ಇಂಕ್‌ಸ್ಕೇಪ್, ಜಿಯೋಜೀಬ್ರಾ ಕಲಿತು ಅದರಲ್ಲೇ ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆ ಬರೆಯುತ್ತಾರೆ. ಕನ್ನಡ ಮಾಧ್ಯಮದವರೂ ಬರೆಯುತ್ತಾರೆ. ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶದಲ್ಲಿ ಕೈ ಕುಳಿತವರಿಗೆ ಅದೇ ಕೆಜಿಪಿ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿಯೂ ಇದೆ. ಗುಬ್ಬಿ, ನವಿಲು, ಲೋಹಿತ್, ನೋಟೋ ಎಂಬ ಕನ್ನಡ ಫಾಂಟ್‌ಗಳಿವೆ. ಮಗು ಶಾಲೆಯಲ್ಲಿ ಕಲಿಯುವುದು ಒಂದು, ಮನೆಯ ಯಂತ್ರದಲ್ಲಿ ಅಂಗಡಿಯವನು ತುಂಬಿಸಿದ್ದು ಇನ್ನೊಂದು ಎಂದಾದರೆ ಹಾನಿ ಮಗುವಿಗೆ.

ಲಿನಕ್ಸ್, ಲಿಬ್ರೆ ಆಫೀಸ್‌ನಂತೆ ಯಾರು ಬೇಕಾದರೂ ಬಳಸಿ ಹಂಚಬಹುದಾದ ಮುಕ್ತ ತಂತ್ರಾಂಶ ನಮ್ಮ ಪೇಟೆಗಳಲ್ಲಿ ಸೋಲುವುದು ವಿಂಡೋಸ್‌ನ ಎದುರಿನಲ್ಲಿ ಅಲ್ಲ ಎಂದು ನನಗೆ ಅನಿಸಿದೆ. ಅದು ಸೋಲುವುದು ಕದ್ದ ವಿಂಡೋಸ್‌ನ ಎದುರಿನಲ್ಲಿ. ಸಾವಿರಾರು ರೂಪಾಯಿಯ ಆಫೀಸ್ ಮತ್ತು ಲಿಬ್ರೆ ಆಫೀಸ್ ಎರಡನ್ನೂ ಮೇಜಿನ ಮೇಲೆ ‘ಫ್ರೀ’ ಎಂದು ಇಟ್ಟರೆ ಜನ ಯಾವುದನ್ನು ಎತ್ತಿಕೊಳ್ಳುತ್ತಾರೆ? ಅಸಲಿ ಬೆಲೆ ಹೇಳಿದ್ದರೆ ಅರ್ಧ ಜನ ಅಲ್ಲಿಯೇ ಎರಡನೆಯದನ್ನು ಕೇಳುತ್ತಿದ್ದರು. ಬೆಲೆ ಮುಚ್ಚಿಟ್ಟವರು ಎರಡು ಕಡೆಯವರಿಗೂ ಮೋಸ ಮಾಡಿದರು.

ಲಿನಕ್ಸ್ ಎಲ್ಲಕ್ಕೂ ಆಗುತ್ತದೆಂದು ಹೇಳಿದರೆ ನಾನೂ ಅಂಗಡಿಯವನ ಸಾಲಿಗೆ ಸೇರುತ್ತೇನೆ. ಪೇಜ್‌ಮೇಕರ್‌ನಲ್ಲಿ ಆಮಂತ್ರಣ ಪತ್ರಿಕೆ ಮಾಡುವ ಮುದ್ರಣಾಲಯಗಳಿಗೆ ಅದು ಒಗ್ಗುವುದು ಕಷ್ಟ. ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್ ಎಂಬ ಅಕ್ಷರ ಸಂಕೇತದಲ್ಲಿ ಇಲ್ಲದ, ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಕಡತಗಳನ್ನು ಪರಿವರ್ತಕದಲ್ಲಿ ಹಾಯಿಸಬೇಕು, ಒತ್ತಕ್ಷರಗಳು ಅಲ್ಲಲ್ಲಿ ಕೆಡುತ್ತವೆ, ಕೂತು ತಿದ್ದಬೇಕು. ಕೆಲವು ಹಳೆಯ ಲೇಸರ್ ಪ್ರಿಂಟರ್‌ಗಳು ಹಟ ಹಿಡಿಯುತ್ತವೆ. ಕೆಟ್ಟಾಗ ನೋಡುವ ಅಂಗಡಿ ಹತ್ತಿರದಲ್ಲಿ ಸಿಗುವುದಿಲ್ಲ. ಆದರೆ ಶಾಲೆಗಳಲ್ಲಿ ಕಲಿತ ಮಕ್ಕಳು, ಕಲಿಸುವ ಟೀಚರ್‌ಗಳು ನಮ್ಮ ಜಿಲ್ಲೆಯ ಊರೂರಿನಲ್ಲಿ ಇದ್ದಾರೆ. ನಮ್ಮ ಯಂತ್ರದಲ್ಲಿ ಈಗ ಎರಡೂ ಇವೆ, ನನ್ನ ಟೈಪಿಂಗ್ ಲಿನಕ್ಸ್‌ಗೆ ಹೋಗಿದೆ.

ಕೊಳ್ಳುವಾಗ ಅಂಗಡಿಯಲ್ಲೇ ನಿಂತು ನೋಡಬೇಕಾದದ್ದು ಇಷ್ಟಿದೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಟಿವೇಷನ್ ಪುಟ ತೆರೆಯಿರಿ. ‘ನಿಮ್ಮ ಸಂಸ್ಥೆಯ ಸಕ್ರಿಯಗೊಳಿಸುವ ಸೇವೆ’ ಎಂಬ ಅರ್ಥದ ಸಾಲು ಕಂಡರೆ ಯಾವ ಸಂಸ್ಥೆ ಎಂದು ಮಾಲೀಕನನ್ನು ಕೇಳಿ. ಮನೆಯ ಯಂತ್ರಕ್ಕೆ ಸಂಸ್ಥೆ ಎಲ್ಲಿಂದ ಬಂತು? ಡಿಫೆಂಡರ್‌ನ ವಿನಾಯಿತಿ ಪಟ್ಟಿ ಖಾಲಿಯಿರಬೇಕು. ಪ್ರೊಸೆಸರಿನ ಪೂರ್ತಿ ಸಂಖ್ಯೆಯನ್ನು ಯಂತ್ರದ ಮಾಹಿತಿ ಪುಟದಲ್ಲಿ ಓದಿ, ಅಂಟಿಸಿದ ಸ್ಟಿಕ್ಕರ್ ನಂಬಬೇಡಿ. ಬ್ಯಾಟರಿಯ ವರದಿಯನ್ನು ವಿಂಡೋಸೇ ತಯಾರಿಸಿಕೊಡುತ್ತದೆ. ಹೊಸದಿದ್ದಾಗಿನ ಸಾಮರ್ಥ್ಯ ಎಷ್ಟು, ಈಗ ತುಂಬುವುದು ಎಷ್ಟು ಎಂಬ ಎರಡು ಅಂಕಿಗಳು ಅದರಲ್ಲಿರುತ್ತವೆ. ನಮ್ಮದರಲ್ಲಿ ಎರಡನೆಯದು ಮೊದಲಿನದರ ಅರ್ಧಕ್ಕೂ ಬರುತ್ತಿರಲಿಲ್ಲ. ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ ಎಂಬುದನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಧನ ತೋರಿಸುತ್ತದೆ. ನೋಡಲು ಬಿಡದ ಅಂಗಡಿಯಲ್ಲಿ ನಿಲ್ಲಬೇಡಿ.

ಜಿಎಸ್‌ಟಿ ಬಿಲ್‌ನಲ್ಲಿ ಮಾದರಿ ಸಂಖ್ಯೆ, ಯಂತ್ರದ ಸೀರಿಯಲ್ ಸಂಖ್ಯೆ, ವಿಂಡೋಸ್ ಅಸಲಿಯೇ ಎಂಬುದನ್ನು ಬರೆಸಿಕೊಳ್ಳಿ. ಬಿಲ್ ಸಿಗದೆ ಮೋಸಹೋದವರು ಯುಪಿಐ ಪಾವತಿಯ ದಾಖಲೆ, ವಾಟ್ಸ್‌ಆ್ಯಪ್ ಮಾತುಕತೆ, ಬಿಳಿ ಚೀಟಿ ಯಾವುದನ್ನೂ ಅಳಿಸಬೇಡಿ. ಗ್ರಾಹಕ ಸಹಾಯವಾಣಿ 1915, ಸೈಬರ್ ಅಪರಾಧಕ್ಕೆ 1930. ಕಾಸರಗೋಡಿನಲ್ಲೇ ಜಿಲ್ಲಾ ಗ್ರಾಹಕ ಆಯೋಗವಿದೆ, ಐದು ಲಕ್ಷದೊಳಗಿನ ವ್ಯವಹಾರಕ್ಕೆ ದೂರಿನ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ನಾವು ಈ ದಾಖಲೆಗಳನ್ನೆಲ್ಲ ಜೋಡಿಸಿ ನೋಟಿಸ್ ಕಳುಹಿಸಿದ ಮೇಲೆ ಅಂಗಡಿಯವರು ಅರ್ಧ ಹಣ ಹಿಂದಿರುಗಿಸಿದರು. ಒರಲೆ ಬಿಟ್ಟುಕೊಟ್ಟ ಪುಟಗಳನ್ನು ನಾನು ಮತ್ತೆ ಮೊದಲಿನಿಂದ ಟೈಪ್ ಮಾಡುತ್ತಿದ್ದೇನೆ. ಪ್ರತಿ ವಾರ ಅದರ ಒಂದು ಪ್ರತಿ ಪೆನ್ ಡ್ರೈವಿನಲ್ಲಿ ತಮ್ಮನ ಮನೆಗೆ ಹೋಗುತ್ತದೆ.