ಕಪ್ಪೆ, ಕಡ್ಡಿ, ಹುಳು: ಅಲಿಗೇಟರ್ ಇರುವ ನೀರಿಗೆ ಯಾವ ಎರೆ?

ಫ್ಲೋರಿಡಾದ ಕಿಸಿಮ್ಮಿ ಊರಿಗೆ ತಾಗಿಕೊಂಡಿರುವ ಟೋಹೋಪೆಕಲಿಗಾ ಸರೋವರದಲ್ಲಿ ನಾನು ಮೂರು ವರ್ಷಗಳಿಂದ ಬಾಸ್ ಮೀನಿಗೆ ಗಾಳ ಹಾಕುತ್ತಿದ್ದೇನೆ. ಇಲ್ಲಿಯವರು ಅದನ್ನು ಟೋಹೋ ಎಂದಷ್ಟೇ ಕರೆಯುತ್ತಾರೆ. ದಂಡೆಯುದ್ದಕ್ಕೂ ಜೊಂಡು, ಅದರಾಚೆ ನೈದಿಲೆ ಎಲೆಗಳ ಹಾಸು. ದೊಡ್ಡ ಬಾಸ್ ಆ ಎಲೆಗಳ ನೆರಳಿನಲ್ಲಿಯೇ ಇರುತ್ತದೆ, ನಮ್ಮ ಮೊಸಳೆಯ ಬಂಧುವಾದ ಅಲಿಗೇಟರ್ ಕೂಡ ಅಲ್ಲಿಯೇ ಇರುತ್ತದೆ. ರಾಜ್ಯದ 67 ಕೌಂಟಿಗಳಲ್ಲಿಯೂ ಅದು ಉಂಟು, ಒಟ್ಟು ಸಂಖ್ಯೆ ಸುಮಾರು 13 ಲಕ್ಷ. ಆದ್ದರಿಂದ ಅಲಿಗೇಟರ್ ಇಲ್ಲದ ನೀರು ಹುಡುಕುವುದಕ್ಕಿಂತ, ಅದರ ಬಾಯಿಗೆ ಕೊಕ್ಕೆ ಸಿಗದಂತಹ ಎರೆ ಹುಡುಕುವುದು ಸರಿಯೆನಿಸಿತು. ಮೂರು ಬಗೆಯ ಎರೆಗಳನ್ನು ಬಳಸಿ ನೋಡಿದ್ದೇನೆ.

ಮೊದಲನೆಯದು ರಬ್ಬರ್ ಕಪ್ಪೆ. ಒಳಗೆ ಟೊಳ್ಳು, ಬೆನ್ನಿಗೆ ಅಂಟಿದಂತೆ ಮೇಲ್ಮುಖವಾದ ಎರಡು ಕೊಕ್ಕೆ. ಎಲೆಗಳ ಮೇಲೆ ಎಳೆದರೂ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿ ಕಪ್ಪೆ ಚಪ್ಪಟೆಯಾದಾಗ ಮಾತ್ರ ಕೊಕ್ಕೆಯ ಮೊನೆ ಹೊರಬರುತ್ತದೆ. ಬಾಸ್ ಹಿಡಿಯಲು ಇದಕ್ಕಿಂತ ಸಂತೋಷ ಕೊಡುವ ಎರೆಯನ್ನು ನಾನು ಕಂಡಿಲ್ಲ. ಎಲೆ ಸೀಳಿಕೊಂಡು ಮೀನು ಮೇಲೆ ಹಾರುವ ಆ ಸದ್ದಿಗಾಗಿಯೇ ನಸುಕಿನಲ್ಲಿ ಎದ್ದು ಹೋಗಬಹುದು.

ಆದರೆ ಅಲಿಗೇಟರನ್ನು ಕರೆಯುವುದರಲ್ಲಿಯೂ ಇದೇ ಮುಂದು. ಅದರ ದವಡೆಯ ಚರ್ಮದಲ್ಲಿ ಸಣ್ಣ ಕಪ್ಪು ಚುಕ್ಕೆಗಳಂತೆ ಕಾಣುವ ಸ್ಪರ್ಶಾಂಗಗಳಿವೆ. ಕತ್ತಲಲ್ಲಿಯೂ ನೀರಿನ ಅತಿ ಸಣ್ಣ ಅಲೆಯನ್ನು ಅವು ಗುರುತಿಸುತ್ತವೆ. ಬಾಲ್ಯದಲ್ಲಿ ರಂಗನತಿಟ್ಟಿನ ಬಂಡೆಗಳ ಮೇಲೆ ನಾನು ನೋಡುತ್ತಿದ್ದ ನಮ್ಮ ಮೊಸಳೆಗೆ ಇಂತಹ ಚುಕ್ಕೆಗಳು ಮೈತುಂಬ ಇರುತ್ತವೆ. ಅಲಿಗೇಟರಿಗೆ ದವಡೆಯಲ್ಲಿ ಮಾತ್ರ. ಅಷ್ಟೇ ಸಾಕು. ಕಪ್ಪೆಯನ್ನು ಎರಡು ಸಲ ಮಿಡಿಸಿದರೆ, ಮೂವತ್ತು ಅಡಿ ಆಚೆ ಎರಡು ಕಣ್ಣುಗಳು ಮೇಲೇಳುತ್ತವೆ. ಕಣ್ಣಿನಿಂದ ಮೂಗಿನ ತುದಿಯವರೆಗೆ ಎಷ್ಟು ಇಂಚೋ, ಹೆಚ್ಚುಕಡಿಮೆ ಅಷ್ಟು ಅಡಿ ಉದ್ದದ ಪ್ರಾಣಿ ಎಂಬುದು ಇಲ್ಲಿಯವರ ಲೆಕ್ಕ.

ಎರಡು ಸಲ ಅಲಿಗೇಟರ್ ನನ್ನ ಕಪ್ಪೆಯನ್ನು ಕಚ್ಚಿತು. ಮೊದಲ ಸಲ ನಾನು ಕೋಲನ್ನು ಮೇಲೆತ್ತದೆ, ದಾರವನ್ನು ಪೂರ್ತಿ ಸಡಿಲ ಬಿಟ್ಟೆ. ಒಂದು ನಿಮಿಷ ಹಾಗೆಯೇ ಹಿಡಿದುಕೊಂಡಿದ್ದು ಬಾಯಿ ತೆರೆಯಿತು, ಕಪ್ಪೆ ತೇಲಿತು. ಎರಡನೆಯ ಸಲ ಬಾಸ್ ಎಂದು ಭ್ರಮಿಸಿ ಜೋರಾಗಿ ಎಳೆದೆ. ಕೊಕ್ಕೆ ನೆಟ್ಟಿತು. ಕಪ್ಪೆಗೆ ಕಟ್ಟುವುದು 65 ಪೌಂಡಿನ, ಅಂದರೆ ಅಷ್ಟು ತೂಕದ ಎಳೆತ ತಾಳುವ, ಹೆಣೆದ ದಾರ, ಅದೇ ಬ್ರೇಡ್. ಅದು ಕೈಯಿಂದ ಎಳೆದರೆ ತುಂಡಾಗುವುದಲ್ಲ. ಎಂಟು ಅಡಿಯ ಪ್ರಾಣಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುವ ಮಾತೇ ಇಲ್ಲ. ದೂರದಿಂದಲೇ ಕತ್ತರಿಸಬೇಕಾಯಿತು. ಹತ್ತಾರು ಅಡಿ ದಾರ ನೀರಿನಲ್ಲಿಯೇ ಉಳಿಯಿತು. ಆ ಜೊಂಡಿನಲ್ಲಿ ಆಮೆಗಳಿವೆ, ನಮ್ಮ ಹಾವಕ್ಕಿಯ ಬಂಧುಗಳಾದ ಅನ್ಹಿಂಗಾ ಹಕ್ಕಿಗಳಿವೆ. ಆ ದಾರ ಯಾರ ಕಾಲಿಗೆ ಸುತ್ತಿತೋ ಎಂದು ಇಂದಿಗೂ ನೋವಾಗುತ್ತದೆ.

ಎರಡನೆಯದು ಕಡ್ಡಿ. ಸಿಗಾರ್ ಆಕಾರದ ಗಟ್ಟಿ ಪ್ಲಾಸ್ಟಿಕ್ ಎರೆ, ನೀರಿನ ಮೇಲೆ ಎಡಕ್ಕೆ ಬಲಕ್ಕೆ ವಾಲುತ್ತಾ ಬರುತ್ತದೆ. ಎಲೆಗಳಿಲ್ಲದ ತೆರೆದ ನೀರಿಗೆ ಹೇಳಿ ಮಾಡಿಸಿದ್ದು. ಅಲಿಗೇಟರ್ ಇದಕ್ಕೆ ಕಪ್ಪೆಯಷ್ಟು ಬರಲಿಲ್ಲ, ಒಮ್ಮೆ ಮಾತ್ರ ಬಂದಿತು. ಆ ಒಂದೇ ಸಲ ಸಾಕಾಯಿತು. ಇದರ ಹೊಟ್ಟೆಯಡಿ ಮೂರು ಮೊನೆಗಳ ಎರಡು ಕೊಕ್ಕೆ, ಅಂದರೆ ಒಟ್ಟು ಆರು ಮೊನೆ. ನಾನು ಎಳೆಯಲೇ ಇಲ್ಲ, ಆದರೂ ದವಡೆಯ ಅಂಚಿಗೆ ಸಿಕ್ಕಿತು. ಪ್ರಾಣಿ ತಳಕ್ಕಿಳಿದು ಉರುಳಿತು. ಉರುಳಿದಷ್ಟೂ ದಾರ ಮೂತಿಗೆ ಸುತ್ತಿತು. ಮೂರು ಎರೆಗಳಲ್ಲಿ ಪ್ರಾಣಿಗೆ ಅತಿ ಹೆಚ್ಚು ಹಿಂಸೆ ಕೊಡುವುದು ಇದೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆ ಬಳಿಕ ಆರು ಮೊನೆಗಳನ್ನೂ ತೆಗೆದು ಎರಡು ಒಂಟಿ ಕೊಕ್ಕೆ ಹಾಕಿ ನೋಡಿದೆ. ಕೆಲವು ಬಾಸ್ ತಪ್ಪಿಸಿಕೊಂಡವು. ತಪ್ಪಿಸಿಕೊಳ್ಳಲಿ.

ಮೂರನೆಯದು ಪ್ಲಾಸ್ಟಿಕ್ ಹುಳು. ಮುಂದೆ ಗುಂಡಿನಾಕಾರದ ತೂಕ, ಒಂದೇ ಕೊಕ್ಕೆ, ಅದರ ಮೊನೆಯೂ ಹುಳುವಿನ ಮೈಯೊಳಗೆ ಅಡಗಿರುತ್ತದೆ. ತಳದಲ್ಲಿ ಮೆಲ್ಲನೆ ತೆವಳುತ್ತದೆ, ಮೇಲೆ ಅಲೆಯೇಳುವುದಿಲ್ಲ. ಶ್ರೀರಂಗಪಟ್ಟಣದ ನಾಲೆಯಲ್ಲಿ ಅಪ್ಪ ಎರೆಹುಳು ಸಿಕ್ಕಿಸಿ ಕಾಯುತ್ತಿದ್ದಂತೆಯೇ ಬೆರಳಲ್ಲಿ ದಾರ ಹಿಡಿದು ಕಾಯಬೇಕು. ಮೂರು ವರ್ಷಗಳಲ್ಲಿ ಬರಿಯ ಹುಳುವಿಗೆ ಒಂದು ಅಲಿಗೇಟರ್ ಕೂಡ ಬಾಯಿ ಹಾಕಿಲ್ಲ.

ಹಾಗಾದರೆ ಹುಳುವೇ ಗೆದ್ದಿತು ಎಂದು ನಾನೂ ತಿಳಿದಿದ್ದೆ. 15 ಪೌಂಡಿನ ನೈಲಾನ್ ದಾರದಲ್ಲಿ ಹುಳು ಕಟ್ಟಿ ಒಳ್ಳೆಯ ಬಾಸ್ ಒಂದನ್ನು ಹಿಡಿದ ದಿನ ಆ ತಿಳಿವಳಿಕೆ ಮುರಿಯಿತು. ದಾರ ತೆಳುವಾದ್ದರಿಂದ ಮೀನನ್ನು ನಿಧಾನವಾಗಿ ಆಡಿಸಬೇಕಾಯಿತು. ಅದು ಬಾಲ ಬಡಿದ ಸದ್ದು ಯಾವ ರಬ್ಬರ್ ಕಪ್ಪೆಗೂ ಕಡಿಮೆಯಿರಲಿಲ್ಲ. ದೋಣಿಯಿಂದ ಹತ್ತು ಅಡಿ ದೂರದಲ್ಲಿ ಅಲಿಗೇಟರ್ ಮೀನನ್ನೇ ಕಿತ್ತುಕೊಂಡಿತು. ಸಿಕ್ಕಿದ ಮೀನೇ ಎರೆಯಾಗುತ್ತದೆ ಎಂಬ ಮಾತನ್ನು ಎರೆಗಳ ಡಬ್ಬಿಯ ಮೇಲೆ ಯಾರೂ ಬರೆದಿರುವುದಿಲ್ಲ. ತೆಳು ದಾರ ಬೇಗ ತುಂಡಾಗುತ್ತದೆ, ಅದು ಒಳ್ಳೆಯದೇ. ಆದರೆ ಮೀನು ನೀರಿನಲ್ಲಿ ಹೆಚ್ಚು ಹೊತ್ತು ಒದ್ದಾಡುತ್ತದೆ. ದಪ್ಪ ದಾರ ಮೀನನ್ನು ಬೇಗ ಎಳೆದು ತರುತ್ತದೆ. ಆದರೆ ಅಲಿಗೇಟರ್ ಸಿಕ್ಕರೆ ತುಂಡಾಗುವುದಿಲ್ಲ.

ಕಾಲವೂ ಈ ಲೆಕ್ಕ ಬದಲಿಸುತ್ತದೆ. ನೀರು ಸುಮಾರು 21 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಅಲಿಗೇಟರ್ ಬೇಟೆಯನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ. ಆಗ ಕಪ್ಪೆ ಎಸೆಯಲು ನನಗೆ ಅಳುಕಿಲ್ಲ, ಆದರೆ ಬಾಸ್ ಕೂಡ ಮೇಲೆ ಬರಲು ಸೋಮಾರಿಯಾಗುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಅಲಿಗೇಟರುಗಳು ಜೊತೆಗೂಡುವ ಕಾಲ. ಆ ದಿನಗಳಲ್ಲಿ ಕಪ್ಪೆ, ಕಡ್ಡಿ ಎರಡನ್ನೂ ಮನೆಯಲ್ಲಿಯೇ ಬಿಟ್ಟು ಹೋಗುತ್ತೇನೆ. ಎರೆ ಬಿದ್ದ ಸದ್ದಿಗೆ ಈಜಿಕೊಂಡು ಬರುವ ಅಲಿಗೇಟರ್ ಇರುವಲ್ಲಿ ಯಾವ ಎರೆಯೂ ಸಲ್ಲದು. ಅದಕ್ಕೆ ಯಾರೋ ತಿನ್ನಲು ಹಾಕಿ ರೂಢಿ ಮಾಡಿರುತ್ತಾರೆ. ಫ್ಲೋರಿಡಾದಲ್ಲಿ ಅದು ಅಪರಾಧ, ಆದರೂ ಮಾಡುತ್ತಾರೆ. 1967ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿ, 1987ರ ಹೊತ್ತಿಗೆ ಚೇತರಿಸಿಕೊಂಡ ಪ್ರಾಣಿಯನ್ನು ಹೀಗೆ ಕೆಡಿಸುವವರ ಮೇಲೆ ನನಗೆ ಸಿಟ್ಟಿದೆ. ಜನರಿಗೆ ಹೆದರದಂತಾದ ಅಲಿಗೇಟರನ್ನು ಕೊನೆಗೆ ಹಿಡಿದು ಕೊಲ್ಲುತ್ತಾರೆ. ಅಂತಹ ಜಾಗದಿಂದ ದೋಣಿ ತಿರುಗಿಸುತ್ತೇನೆ.

ಈಗ ನಾನು ಕಟ್ಟುವುದು ಹುಳುವನ್ನೇ, ದಾರ ಮಾತ್ರ ಬೇರೆ. ರೀಲಿನಲ್ಲಿ 40 ಪೌಂಡಿನ ಬ್ರೇಡ್, ತುದಿಯಲ್ಲಿ ಎರಡು ಅಡಿಯಷ್ಟು 20 ಪೌಂಡಿನ ನೈಲಾನ್. 15 ಪೌಂಡಿಗಿಂತ ಇದು ಗಟ್ಟಿ, ಮೀನನ್ನು ಬೇಗ ತರಬಹುದು. ಮಿತಿ ಮೀರಿದರೆ ನೈಲಾನ್ ಮೊದಲು ಹರಿಯುತ್ತದೆ. ಕಳೆದ ಮೇ ತಿಂಗಳಲ್ಲಿ ಮತ್ತೊಂದು ಅಲಿಗೇಟರ್ ನನ್ನ ಬಾಸ್‌ಗೆ ಬಾಯಿ ಹಾಕಿತು. ದಾರ ಸಡಿಲ ಬಿಟ್ಟು ಕಾದೆ, ಬಿಡಲಿಲ್ಲ. ರೀಲನ್ನು ಬಿಗಿಹಿಡಿದು ಕೋಲನ್ನು ಅದರತ್ತ ನೇರ ಮಾಡಿ ನಿಂತೆ. ನೈಲಾನ್ ಟಪ್ಪೆಂದು ಹರಿಯಿತು. ಸುತ್ತಿಕೊಂಡು ನೋಡಿದಾಗ ಬ್ರೇಡ್ ಪೂರ್ತಿಯಾಗಿ, ತುದಿಯಲ್ಲಿ ಗೇಣುದ್ದ ನೈಲಾನ್ ಸಮೇತ, ನನ್ನ ಕೈಗೆ ಮರಳಿತ್ತು.